ಯಾರೋ ಎತ್ತಿಟ್ಟಾರ

ಮಿದುಳು ಜ್ವರ ಬಂದು ನಾನು ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದೆನಂತೆ. ಆ ದಿನಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಒಂದು ದಿನವೂ ನೆನಪಿಲ್ಲ. ನಾನು ಹೇಳಬೇಕೆಂದಿರುವುದು ಮನೆಗೆ ಬಂದ ಮೇಲಿನ ಕತೆ. ಜ್ವರ ಬಿಟ್ಟಿತು, ಜೀವ ಉಳೀತು ಎಂದು ಎಲ್ಲರೂ ದೇವರಿಗೆ ಕಾಯಿ ಒಡೆಸಿ ನಿರಾಳವಾದ ಮೇಲೆ ಶುರುವಾದದ್ದು ಅದು. ನನ್ನಂಥವರು ಇನ್ನೂ ಎಲ್ಲಾದರೂ ಇದ್ದರೆ, ತನಗೊಬ್ಬಳಿಗೇ ಹೀಗಾಗುತ್ತಿದೆ ಅಂದುಕೊಂಡು ಗೋಡೆ ನೋಡುತ್ತ ಕೂರುವುದು ಬೇಡ ಎಂದು ಬರೆಯುತ್ತಿದ್ದೇನೆ. ಬರೆಯುವುದೂ ನನಗೆ ಸಲೀಸಲ್ಲ. ಒಂದು ಸಾಲು ಬರೆದು ತಲೆ ಎತ್ತುವಷ್ಟರಲ್ಲಿ ಮುಂದಿನ ಸಾಲು ಹಾರಿ ಹೋಗಿರುತ್ತದೆ. ಮತ್ತೆ ಮೊದಲಿಂದ ಓದಿಕೊಂಡು ಬರುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಮನೆಯವರು ಧಾರವಾಡದ ಕಡೆಯ ಹಳ್ಳಿಯವರು. ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಕಡೆ ಅವರ ಕೆಲಸ. ನಾನು ಹಳಿಯಾಳದವಳು, ಹೆಸರು ಕಸ್ತೂರಿ, ಆಗ ಇಪ್ಪತ್ತೇಳು ವರ್ಷ. ಮಗಳು ಗೀತಾಗೆ ಐದು ನಡೆಯುತ್ತಿತ್ತು. ಜಡ್ಡಿಗೆ ಮುಂಚೆ ನಾನು ಚುರುಕಿನ ಹೆಂಗಸು. ಫಸ್ಟ್ ಶಿಫ್ಟ್ ಇದ್ದರೆ ಮಿಲ್ಲಿನ ಭೋಂಗಾ ಕೂಗುವ ಮೊದಲೇ ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿ ಬಾಗಿಲಲ್ಲಿ ಇಟ್ಟಿರುತ್ತಿದ್ದೆ. ಒಲೆಯ ಮೇಲೆ ಒಂದು, ಕೈಯಲ್ಲಿ ಒಂದು, ಬಾಯಲ್ಲಿ ಪಕ್ಕದ ಮನೆಯವರ ಜತೆ ಮಾತು.

ನಾನು ಆಸ್ಪತ್ರೆಯಲ್ಲಿದ್ದಾಗ ಮಗಳನ್ನು ನೋಡಿಕೊಳ್ಳಲು ನಮ್ಮ ಮನೆಯವರ ತಂಗಿ ಶಾಂತಾ ಊರಿನಿಂದ ಬಂದಳು. ಇಪ್ಪತ್ತೊಂದು ವರ್ಷದ ಹುಡುಗಿ. ಹಳಿಯಾಳದ ಒಂದು ಮನೆಯವರು ಅವಳನ್ನು ನೋಡಿ ಒಪ್ಪಿದ್ದರು. ಮಾತು ಹೆಚ್ಚು ಕಡಿಮೆ ಮುಗಿದಿತ್ತು. ನನ್ನನ್ನು ಅವಳು ಕರೆಯುವುದು ವೈನಿ ಎಂದು, ಅಂದರೆ ಅತ್ತಿಗೆ. ವೈನಿ ಹುಷಾರಾಗಲಿ, ಆಮೇಲೆ ಮುಂದಿನದು ನೋಡೂಣು ಎಂದು ತಾನೇ ಹೇಳಿ ಅವಳು ಬಂದಿದ್ದಳಂತೆ. ನಾನು ಮನೆಗೆ ಬಂದಾಗ ನನ್ನ ಅಡುಗೆಮನೆಯಲ್ಲಿ ಅವಳಿದ್ದಳು, ನನ್ನ ಮಗಳು ಅವಳ ಸೆರಗು ಹಿಡಿದುಕೊಂಡಿದ್ದಳು. ಮೊದಲ ಸಂಶಯ ಹುಟ್ಟಿದ್ದು ಅಲ್ಲೇ ಇರಬೇಕು.

ಒಂದು ತಿಂಗಳಾದ ಮೇಲೆ ನಾನೇ ಚಹಾ ಮಾಡುತ್ತೇನೆ ಎಂದು ಎದ್ದೆ. ಸ್ಟೋ ಹಚ್ಚಿ ನೀರಿಟ್ಟೆ. ಸಕ್ಕರೆ ತೆಗೆಯಲು ತಿರುಗಿದೆ. ಡಬ್ಬಿ ಇಡುವ ಗೋಡೆಯ ಮಾಡದ ಮುಂದೆ ನಿಂತೆ. ಯಾಕೆ ನಿಂತಿದ್ದೇನೆ ಎಂದು ಗೊತ್ತಾಗಲಿಲ್ಲ. ಮರೆವು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಇದು ಹಾಗಿರಲಿಲ್ಲ. ನನ್ನ ಮದುವೆಯ ದಿನ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು ಅಂತ ಹೇಳಬಲ್ಲೆ. ಶಾಲೆಯಲ್ಲಿ ಕಲಿತ ಮಗ್ಗಿ ತಪ್ಪಿಲ್ಲದೆ ಬರುತ್ತದೆ. ಆದರೆ ಈಗ ಈ ಗಳಿಗೆ ಕೈಗೆ ಬಂದದ್ದೇ ನಿಲ್ಲುವುದಿಲ್ಲ. ಸಕ್ಕರೆ ಎಂದು ನೆನಪಾಗಿ ಕೈ ಚಾಚಿದರೆ ಡಬ್ಬಿ ಅಲ್ಲಿರಲಿಲ್ಲ.

“ಶಾಂತಾ, ಸಕ್ಕರಿ ಡಬ್ಬಿ ಎಲ್ಲಿ ಇಟ್ಟೀ?”

“ನಾ ಮುಟ್ಟಿಲ್ರಿ ವೈನಿ. ಅಲ್ಲೇ ಇರಬೇಕು ನೋಡ್ರಿ.”

ಇರಲಿಲ್ಲ. ಡಬ್ಬಿ ಸಿಕ್ಕಿದ್ದು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ನಾನು ಅದನ್ನು ಅಲ್ಲಿಗೆ ಒಯ್ದಿಲ್ಲ ಎಂದು ದೇವರ ಮುಂದೆ ನಿಂತು ಆಣೆ ಮಾಡುತ್ತಿದ್ದೆ, ಅಷ್ಟು ಖಾತ್ರಿ ಇತ್ತು. ನಾನಲ್ಲದಿದ್ದರೆ ಮತ್ತಾರು? ಮನೆಯಲ್ಲಿ ಇದ್ದದ್ದು ನಾನು ಮತ್ತು ಅವಳು.

ಆಮೇಲೆ ಇದೇ ದಿನನಿತ್ಯದ ಮಾತಾಯಿತು. ಬಾಚಣಿಕೆ ಹಿಟ್ಟಿನ ಡಬ್ಬಿಯೊಳಗೆ. ಗೀತಾಳ ಲಂಗ ಒಗೆಯದೆ ಒಣಹಾಕಿರುವುದು. ಬೇಳೆಗೆ ಎರಡು ಸಲ ಉಪ್ಪು. ಕಡ್ಡಿಪೆಟ್ಟಿಗೆಯಂತೂ ದಿನಾ ಮಧ್ಯಾಹ್ನ ಮಾಯ, ಸಂಜೆ ಮತ್ತೆ ಒಲೆಯ ಪಕ್ಕದಲ್ಲಿ ಹಾಜರು. ಕೇಳಿದರೆ ಶಾಂತಾ ಮುಖ ತಿರುಗಿಸಿ, “ನೋಡಿಲ್ರಿ,” ಅನ್ನುವಳು. ಆ ಮುಖ ತಿರುಗಿಸುವುದನ್ನು ನಾನು ಚೆನ್ನಾಗಿ ಗುರುತಿಟ್ಟೆ. ಉಳಿದದ್ದೆಲ್ಲ ಮರೆಯುತ್ತಿದ್ದೆ, ಅದು ಮರೆಯಲಿಲ್ಲ.

ನಾನೂ ಸುಮ್ಮನಿರಲಿಲ್ಲ. ಮಾಡದಲ್ಲಿ ಡಬ್ಬಿಗಳ ಸುತ್ತ ಗೀತಾಳ ಪಾಟಿ ಬಳಪದಿಂದ ಗೆರೆ ಎಳೆದೆ. ಮರುದಿನ ನೋಡಿದರೆ ಖಾರಪುಡಿ ಡಬ್ಬಿ ಗೆರೆಯಿಂದ ಎರಡು ಬೆರಳು ಸರಿದಿತ್ತು. ಸಿಕ್ಕಿಬಿದ್ದಳು ಅಂದುಕೊಂಡೆ. ಅಡುಗೆ ಮಾಡುವ ಹುಡುಗಿ ಖಾರಪುಡಿ ಡಬ್ಬಿ ಮುಟ್ಟದೆ ಹೇಗೆ ಮಾಡಿಯಾಳು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ನಮ್ಮ ಮನೆಯವರಿಗೆ ಹೇಳಿದೆ. ಅವರು ಶಿಫ್ಟ್ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ಮಿಲ್ಲಿನ ವಾಸನೆ ಇನ್ನೂ ಮೈಮೇಲಿತ್ತು.

“ಜಡ್ಡಿನಿಂದ ಎದ್ದೀ. ಸ್ವಲ್ಪ ದಿನ ಹಂಗ ಆಗ್ತದ. ಲಕ್ಷ್ಯ ಕೊಟ್ಟು ಮಾಡು,” ಅಂದರು.

ಲಕ್ಷ್ಯ ಕೊಟ್ಟು ಮಾಡು. ಈ ಮಾತನ್ನು ಎಷ್ಟು ಜನ ಹೇಳಿದರೋ. ಇಲ್ಲದ್ದನ್ನು ಎಲ್ಲಿಂದ ತಂದು ಕೊಡಲಿ? ಅವರು ಒಂದು ಮಾತು ಹೇಳುವಾಗ ಹೊರಗೆ ಸೈಕಲ್ ಗಂಟೆ ಬಾರಿಸಿದರೆ ಸಾಕು, ಮಾತಿನ ಅರ್ಧ ಆ ಸದ್ದಿನ ಹಿಂದೆ ಹೋಗಿಬಿಡುತ್ತಿತ್ತು. ನಾನು ಹ್ಞೂಂ ಅನ್ನುತ್ತಿದ್ದೆ. ಅವರು ಹೇಳಿದ್ದು ಮಾಡದೆ ಉಳಿಯುತ್ತಿತ್ತು. “ಹ್ಞೂಂ ಅಂದಿದ್ದಿಯಲ್ಲ?” ಎಂದು ಅವರು ನೋಡುವ ನೋಟದಲ್ಲಿ ಬೇಸರ ಇದೆಯೋ, ಬೇರೇನಾದರೂ ಲೆಕ್ಕಾಚಾರ ಇದೆಯೋ ಎಂದು ಹುಡುಕುತ್ತಿದ್ದೆ. ಅಣ್ಣ ತಂಗಿ ಹಿತ್ತಲಲ್ಲಿ ಪಿಸುಮಾತು ಆಡುವುದನ್ನು ಎರಡು ಸಲ ನೋಡಿದೆ. ನಾನು ಹೋದ ಕೂಡಲೆ ಸುಮ್ಮನಾದರು.

ಪಕ್ಕದ ಮನೆಯಲ್ಲಿ ಬೆಳಗಾವಿ ಕಡೆಯ ರುಕ್ಮಾಬಾಯಿ ಇದ್ದರು. ಅವರು ನನ್ನ ಮಾತು ಕೇಳಿ ತಳ್ಳಿಹಾಕಲಿಲ್ಲ. ಅವರೊಬ್ಬರೇ ತಳ್ಳಿಹಾಕದವರು.

“ಕಸ್ತೂರಿ, ನೀ ಯಾರ ಕೈಯಾಗ ಉಣ್ಣಾಕತ್ತೀ?” ಎಂದು ಕೇಳಿದರು.

“ಶಾಂತಾನ ಮಾಡ್ತಾಳ್ರಿ.”

“ತಲಿ ಹಿಂಗ ಕೆಡಬೇಕಂದ್ರ ಹೊಟ್ಟ್ಯಾಗ ಏನರ ಹೋಗಿರಬೇಕು. ಮದ್ದು ಹಾಕ್ಯಾರ ನಿನಗ. ತೆಗೆಯೋ ಮನಷ್ಯಾ ಅದಾನ, ಹಳಿಯಾಳ ರಸ್ತೇಕ. ಯಾರಿಗೂ ಹೇಳಬ್ಯಾಡ, ನಾ ಕರಕೊಂಡ ಹೋಗ್ತೇನಿ.”

ಆ ದಿನದಿಂದ ಶಾಂತಾ ಬಡಿಸಿದ್ದನ್ನು ನಾನು ಮುಟ್ಟಲಿಲ್ಲ. ತಾಟು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬೇಲಿಯಾಚೆ ಚೆಲ್ಲಿ ಬರುತ್ತಿದ್ದೆ. ಅಂಗಡಿಯ ಬ್ರೆಡ್ಡು, ಬಾಳೆಹಣ್ಣು, ನನ್ನ ಕೈಯಾರೆ ಕೊಡದಿಂದ ತೋಡಿದ ನೀರು, ಇಷ್ಟೇ. ಕುಪ್ಪಸಗಳೆಲ್ಲ ಸಡಿಲಾದವು.

ರುಕ್ಮಾಬಾಯಿ ಒಂದು ಗುರುವಾರ ಬೆಳಿಗ್ಗೆ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಒಂದು ಸಣ್ಣ ಊರು, ತೇಗದ ಮರಗಳ ಕೆಳಗೆ ಒಂದು ಮನೆ. ಅಂಗಳದಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಆ ಮನುಷ್ಯ ನನಗೆ ಹಸಿರು ರಸ ಕುಡಿಸಿದ. ಕರುಳು ಕಿತ್ತು ಬರುವಂತೆ ವಾಂತಿಯಾಯಿತು. ಅವನು ಕಡ್ಡಿಯಲ್ಲಿ ಕೆದಕಿ ಒಂದು ಕಪ್ಪು ಉಂಡೆ ಎತ್ತಿ ತೋರಿಸಿದ. ಕೂದಲು, ಏನೋ ಅಂಟು ಅಂಟು.

“ನೋಡು ತಾಯಿ. ಮನಿಯಾಗಿನವರ ಕೈದ ಐತಿ ಇದು. ಹೆಣ್ಣು ಕೈ.”

ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. ದುಃಖಕ್ಕಲ್ಲ. ನನ್ನ ತಲೆ ಸರಿ ಇದೆ, ತಪ್ಪು ನನ್ನದಲ್ಲ ಎಂದು ಗೊತ್ತಾದ ಸಮಾಧಾನಕ್ಕೆ. ಆದರೆ ಮದ್ದು ತೆಗೆಸಿ ಎಂಟು ದಿನವಾದರೂ ಸಕ್ಕರೆ ಡಬ್ಬಿ ತನ್ನ ಜಾಗದಲ್ಲಿ ನಿಲ್ಲಲಿಲ್ಲ. ಹಾಗಾದರೆ ಮತ್ತೆ ಹಾಕಿದ್ದಾಳೆ ಅಂದುಕೊಂಡೆ.

ಆಮೇಲಿನದನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು.

ಒಂದು ದಿನ ಬೆಳಿಗ್ಗೆ ಜೋಳ ಬೀಸಿಸಲು ಗಿರಣಿಗೆ ನಾನೇ ಹೋಗುತ್ತೇನೆ ಎಂದು ಹಟ ಹಿಡಿದೆ. ಹಿಟ್ಟು ನನ್ನ ಕಣ್ಣ ಮುಂದೆ ಬೀಸಿದ್ದಾದರೆ ಅದರಲ್ಲಿ ಯಾರೂ ಏನೂ ಬೆರೆಸಲಾರರು ಎನ್ನುವುದು ನನ್ನ ಎಣಿಕೆ. ಗೀತಾ ನಾನೂ ಬರ್ತೇನಿ ಎಂದಳು. ಬೆರಳು ಹಿಡಿಸಿ ಕರೆದುಕೊಂಡು ಹೋದೆ. ಗಿರಣಿಯಲ್ಲಿ ಗದ್ದಲ, ಬೀಸುವ ಯಂತ್ರದ ಪಟ್ಟಾ ತಿರುಗುವ ಸದ್ದು, ಹಿಟ್ಟಿನ ದೂಳು, ಸರತಿಗಾಗಿ ಹೆಂಗಸರ ಕಚ್ಚಾಟ. ನನ್ನ ಸರತಿ ಬಂತು, ಹಿಟ್ಟಿನ ಡಬ್ಬಿಯ ಬಾಯಿ ಬಿಗಿಯಾಗಿ ಮುಚ್ಚಿ, ಅದರ ಮೇಲೆ ಅರಿವೆ ಕಟ್ಟಿ ತಲೆಯ ಮೇಲೆ ಹೊತ್ತು ಮನೆಗೆ ಬಂದೆ. ದಾರಿಯುದ್ದಕ್ಕೂ ನನ್ನ ಲಕ್ಷ್ಯವೆಲ್ಲ ಆ ಡಬ್ಬಿಯ ಮೇಲೆ ಇತ್ತು. ಅಷ್ಟು ಲಕ್ಷ್ಯವನ್ನು ನಾನು ಬಹಳ ದಿನದಿಂದ ಯಾವುದಕ್ಕೂ ಕೊಟ್ಟಿರಲಿಲ್ಲ.

ಡಬ್ಬಿ ಇಳಿಸಿ, ನೀರು ಕುಡಿದು, ಸುತ್ತ ನೋಡಿದೆ. ಮನೆಯಲ್ಲಿ ಗೀತಾ ಇಲ್ಲ.

“ಶಾಂತಾ, ಕೂಸು ಎಲ್ಲಿ?”

ಅವಳು ಒದ್ದೆ ಕೈಯಲ್ಲಿ ಹಿತ್ತಲಿನಿಂದ ಓಡಿ ಬಂದಳು. “ನಿಮ್ಮ ಕೂಡ ಗಿರಣಿಗೆ ಬಂದಿದ್ಳಲ್ರಿ ವೈನಿ!”

“ಸುಳ್ಳ ಹೇಳಬ್ಯಾಡ. ನಾ ಒಬ್ಬಾಕೆನ ಹೋಗಿದ್ದೆ.”

ನಾನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ತಲೆಯಲ್ಲಿ ಒಬ್ಬಳೇ ಹೋಗಿ ಒಬ್ಬಳೇ ಬಂದದ್ದು ಸ್ಪಷ್ಟವಾಗಿತ್ತು. ಶಾಂತಾ ಚಪ್ಪಲಿ ಕೂಡ ಮೆಟ್ಟದೆ ಬಾಗಿಲ ಕಡೆ ಓಡಿದಳು. ಓಡಿ ಹೋಗುತ್ತಿದ್ದಾಳೆ ಅಂದುಕೊಂಡು ನಾನು ಅವಳ ಜಡೆ ಹಿಡಿದೆ.

“ನನ್ನ ಕೂಸಿನ್ನ ಎಲ್ಲಿ ಮುಚ್ಚಿಟ್ಟೀ ಹೇಳು! ನನಗ ಮದ್ದು ಹಾಕಿ ಸಾಲಲಿಲ್ಲ, ಈಗ ಕೂಸಿನ್ನ ಒಯ್ದಿ ಏನ?”

ಓಣಿಯ ಜನ ಎಲ್ಲ ಹೊರಗೆ ಬಂದರು. ಶಾಂತಾ ಜಡೆ ಬಿಡಿಸಿಕೊಳ್ಳಲು ನೋಡುತ್ತ ಒಂದೇ ಮಾತು ಹೇಳುತ್ತಿದ್ದಳು. “ಬಿಡ್ರಿ ವೈನಿ, ಗಿರಣಿಗೆ ಹೋಗಬೇಕು. ಬಿಡ್ರಿ, ಪಟ್ಟಾ ಐತಿ ಅಲ್ಲೆ.” ನಾನು ಬಿಡಲಿಲ್ಲ. ಇಬ್ಬರು ಹೆಂಗಸರು ನನ್ನ ಬೆರಳು ಬಿಡಿಸಿದರು. ಅವಳು ಬರಿಗಾಲಲ್ಲಿ ಓಡಿದಳು.

ಗೀತಾ ಗಿರಣಿಯಲ್ಲೇ ಇದ್ದಳು. ಗಿರಣಿಯ ಸಾಹೇಬರು ಅವಳನ್ನು ಪಟ್ಟಾದಿಂದ ದೂರ ಗೋದಿ ಚೀಲದ ಮೇಲೆ ಕೂಡಿಸಿ ಕೈಗೆ ಬೆಲ್ಲ ಕೊಟ್ಟಿದ್ದರು. ಶಾಂತಾ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಾಗ ಮಗಳ ತಲೆಯೆಲ್ಲ ಹಿಟ್ಟು. ಮಗಳು ನನ್ನನ್ನು ನೋಡಿ, “ಅವ್ವಾ, ನಾ ಕರದ್ರೂ ನೀ ಹೊಳ್ಳಿ ನೋಡಲಿಲ್ಲ,” ಎಂದಳು.

ಐದು ವರ್ಷದ ಕೂಸಿಗೆ ಮದ್ದು, ಮಾಟ, ಹಗೆ ಒಂದೂ ಗೊತ್ತಿಲ್ಲ. ಅವಳು ಹೇಳಿದ್ದನ್ನು ನಾನು ನಂಬಲೇಬೇಕಾಯಿತು. ಇದು ನಾನು ಮಾಡಿದ್ದಾದರೆ ಸಕ್ಕರೆ ಡಬ್ಬಿ? ಬಾಚಣಿಕೆ? ಎಲ್ಲ ನಾನೇ?

ಆದರೆ ಕೂಗಿದ ಮಾತು ಓಣಿಯಲ್ಲಿ ಉಳಿಯಲಿಲ್ಲ. ದಾಂಡೇಲಿಯಿಂದ ಹಳಿಯಾಳಕ್ಕೆ ದಿನಕ್ಕೆ ಎಷ್ಟೋ ಬಸ್ಸು. ಹದಿನೈದು ದಿನದೊಳಗೆ ಶಾಂತಾಳನ್ನು ಒಪ್ಪಿದ್ದ ಮನೆಯವರು, ಈ ವರ್ಷ ನಮ್ಮ ಹುಡುಗಗ ಮದುವಿ ಮಾಡೂ ವಿಚಾರ ಇಲ್ಲ ಎಂದು ಹೇಳಿಕಳಿಸಿದರು. ಅಣ್ಣನ ಹೆಂಡತಿಗೇ ಮದ್ದು ಹಾಕುವ ಹುಡುಗಿಯನ್ನು ಯಾರು ತಂದುಕೊಂಡಾರು? ಸುದ್ದಿ ಬಂದ ದಿನ ಶಾಂತಾ ಎಂದಿನಂತೆ ರೊಟ್ಟಿ ಬಡಿದಳು. ಬಡಿಯುವ ಸದ್ದು ಮಾತ್ರ ಸ್ವಲ್ಪ ಜೋರಾಗಿತ್ತು.

ನಮ್ಮ ಮನೆಯವರು ರಜೆ ಹಾಕಿ ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು. ಯಾವ ಆಸ್ಪತ್ರೆ ಎಂದು ಬಸ್ಸು ಇಳಿಯುವವರೆಗೆ ಹೇಳಲಿಲ್ಲ. ಹೊರಗೆ ನಿಂತು ಜನರನ್ನು ನೋಡಿದ ಕೂಡಲೆ ನನಗೆ ತಿಳಿಯಿತು. ಹುಚ್ಚರ ಆಸ್ಪತ್ರೆ. ಇವರು ನನ್ನನ್ನು ಇಲ್ಲಿ ಬಿಟ್ಟು ಹೋಗಲು ತಂದಿದ್ದಾರೆ, ಹುಚ್ಚಿ ಎಂದು ಒಂದು ಕಾಗದ ಬರೆಸಿಕೊಂಡರೆ ಇನ್ನೊಂದು ಮದುವೆಗೆ ದಾರಿ ಸಲೀಸು ಎಂದು ಲೆಕ್ಕ ಹಾಕಿದೆ. ಅವರು ಚೀಟಿ ಮಾಡಿಸಲು ಹೋದಾಗ ಚೀಲ ಹಿಡಿದು ಬಾಗಿಲ ಹತ್ತಿರದ ಮರದ ಬಾಕಿನ ಮೇಲೆ ಕೂತೆ, ಓಡಲು ಅನುಕೂಲ ಆಗಲಿ ಎಂದು.

ಆ ಬಾಕಿನ ಮೇಲೆ ನನ್ನ ಪಕ್ಕ ಒಬ್ಬ ಸಿದ್ದಿ ಜನಾಂಗದ ಹೆಂಗಸು ಕೂತಿದ್ದಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಕೊರಳಲ್ಲಿ ಸಣ್ಣ ಶಿಲುಬೆ. ಅವಳಾಚೆ ಅವಳ ಗಂಡ, ಗಟ್ಟಿಮುಟ್ಟಾದ ಆಳು, ಮಡಿಲಲ್ಲಿ ಟೋಪಿ ಇಟ್ಟುಕೊಂಡು ಗೋಡೆ ನೋಡುತ್ತಿದ್ದ. ಹೆಸರು ಮಾರಿಯಾಬಾಯಿ, ಗಂಡ ಜುಜೆ, ಊರು ಹಳಿಯಾಳದ ಹತ್ತಿರದ ಹಳ್ಳಿ. ಇದನ್ನೆಲ್ಲ ಅವಳೇ ಹೇಳಿದಳು. ನಾನು ಮೊದಲು ನನ್ನ ಹೆಸರನ್ನೂ ಹೇಳಲಿಲ್ಲ. ಇವಳನ್ನೂ ನಮ್ಮ ಮನೆಯವರೇ ಇಲ್ಲಿ ಕೂಡಿಸಿರಬಹುದು ಎಂಬ ಯೋಚನೆ ಬಂದಿತ್ತು.

“ನಿನಗ ಏನಾಗೇತಿ ತಂಗಿ?” ಎಂದಳು.

“ಏನಿಲ್ಲ.”

“ಇವರೂ ಹಂಗ ಅಂತಾರ, ಏನಿಲ್ಲ ಅಂತ. ಕಟಗಿ ಡಿಪೋದಾಗ ಲಾರಿ ತುಂಬೂ ಮುಂದ ತಲಿ ಮ್ಯಾಲೆ ಮರದ ನಾಟಾ ಬಿತ್ತು. ಗಾಯ ಮಾಯೇತಿ. ಈಗ ಕೊಡ್ಲಿ ತಗೊಂಡು ಬಾ ಅಂದ್ರ ಒಳಗ ಹೋಗಿ ಸುಮ್ನ ನಿಂದರ್ತಾರ. ಮಂದಿ ಹೇಳಿದ್ರು, ಯಾರೋ ಮದ್ದು ಹಾಕ್ಯಾರ, ತೆಗಸು ಅಂತ. ತೆಗಸಿದೆ.”

ನಾನು ತಿರುಗಿ ಕೂತೆ. “ಎಲ್ಲಿ?”

ಅವಳು ಹೇಳಿದ ಊರು ಅದೇ. ತೇಗದ ಮರ ಅದೇ, ಹಸಿರು ರಸ ಅದೇ.

“ಏನು ಬಂತು?”

“ಕರೀ ಉಂಡಿ, ಕೂದಲಿದ್ದು. ಮನಿ ಹೆಣ್ಣಿನ ಕೈದು ಅಂದ. ಮನಿಯಾಗ ಹೆಣ್ಣು ಅಂದ್ರ ನಾ ಒಬ್ಬಾಕಿನ.” ಮಾರಿಯಾಬಾಯಿ ತೊಡೆ ತಟ್ಟಿಕೊಂಡು ನಕ್ಕಳು. “ತಲಿ ಮ್ಯಾಲೆ ನಾಟಾ ಬಿದ್ದದ್ದು ಊರ ಮಂದಿ ನೋಡ್ಯಾರ. ನಾಟಾಕ್ಕ ಯಾರು ಮದ್ದು ಹಾಕ್ತಾರ ತಂಗಿ?”

ನನಗೆ ನಗು ಬರಲಿಲ್ಲ. ಶಾಂತಾಳ ಜಡೆ ಕೈಯಲ್ಲಿ ಹಿಡಿದಂತಾಯಿತು. ಅಷ್ಟು ಜನರ ನಡುವೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ಯಾಕೆ ಏನು ಎಂದು ಕೇಳದೆ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು. ಅಷ್ಟು ಹೊತ್ತೂ ಜುಜೆ ಟೋಪಿ ತಿರುಗಿಸುತ್ತ, ಕೇಳಿಸೀ ಕೇಳಿಸದಂತೆ ಏನೋ ಗೊಣಗುತ್ತಿದ್ದ. ಕಿವಿ ಕೊಟ್ಟು ಕೇಳಿದೆ. “ಚೀಟಿ ಕಿಸೆದಾಗ ಐತಿ, ಚೀಟಿ ಕಿಸೆದಾಗ ಐತಿ.”

“ನಾನ ಕಲಿಸೇನಿ,” ಎಂದಳು ಮಾರಿಯಾಬಾಯಿ. “ತಲ್ಯಾಗ ನಿಲ್ಲವಲ್ದು ಅಂದ್ರ ಬಾಯಾಗ ಇಟ್ಕೊ ಅಂದೆ. ಒಂದ ಕೆಲಸ ಹೇಳ್ತೇನಿ. ಮುಗಿಯೂ ತನಕಾ ಅದನ್ನ ಅನಕೋಂತ ಹೋಗ್ತಾರ. ಎರಡು ಹೇಳಿದ್ರ ಎರಡೂ ಹೋಗ್ತಾವ.”

ಡಾಕ್ಟರರು ವಯಸ್ಸಾದವರು. ನಮ್ಮ ಮನೆಯವರನ್ನು ಹೊರಗೆ ಕೂರಲು ಹೇಳಿದರು. ಅದರಿಂದ ನನ್ನ ಭಯ ಅರ್ಧ ಹೆಚ್ಚಾಯಿತು, ಅರ್ಧ ಕಡಿಮೆಯಾಯಿತು. ನಾಲ್ಕು ಅಂಕಿ ಹೇಳಿ ಹಿಂದಿನಿಂದ ಹೇಳಲು ಹೇಳಿದರು. ಮೊದಲನೆಯದಕ್ಕೇ ನಿಂತೆ. ಮೂರು ಸಾಮಾನಿನ ಹೆಸರು ಹೇಳಿ, ನನ್ನ ತವರಿನ ವಿಷಯ ಮಾತಾಡಿಸಿ, ಆ ಮೂರು ಯಾವವು ಎಂದು ಕೇಳಿದರು. ಯಾವ ಮೂರು ಎಂದೆ. ಆಮೇಲೆ ಹಳೆಯದು ಕೇಳಿದರು. ಮದುವೆ, ಶಾಲೆ, ಮಗಳು ಹುಟ್ಟಿದ್ದು. ಎಲ್ಲ ಬಡಬಡ ಹೇಳಿದೆ.

“ಹುಚ್ಚಿ ಅಂತ ಬರೀತೀರೇನ್ರಿ?” ಎಂದು ನಾನೇ ಕೇಳಿದೆ.

ಅವರು ಕನ್ನಡಕ ತೆಗೆದರು. “ಇಲ್ಲವ್ವ. ನಿನಗ ಹುಚ್ಚಿಲ್ಲ. ಜ್ವರ ಹೋಗೂ ಮುಂದ ಒಂದಿಷ್ಟು ಕೆಡಿಸಿ ಹೋಗೇತಿ. ಹಳೇದು ಭದ್ರ ಅದ. ಈಗಿಂದೀಗ ಕೇಳಿದ್ದನ್ನ ಸ್ವಲ್ಪ ಹೊತ್ತು ಹಿಡಿದು ಇಟ್ಕೊಳ್ಳೂ ಶಕ್ತಿ ಕಡಿಮಿ ಆಗೇದ, ಒಂದ ಕಡೆ ಲಕ್ಷ್ಯ ನಿಲ್ಲೂದಿಲ್ಲ. ಸ್ವಲ್ಪ ಸುಧಾರಸ್ತದ. ಪೂರ್ತಿ ಮೊದಲಿನಂಗ ಆಗ್ತದ ಅಂತ ನಾ ಸುಳ್ಳು ಹೇಳೂದಿಲ್ಲ.”

“ಮತ್ತ ಯಾರೋ ಎತ್ತಿಟ್ಟಾರ ಅಂತ ಅನಸ್ತದಲ್ರಿ?”

“ನೀ ಇಟ್ಟದ್ದು ನಿನಗ ನೆನಪಿಲ್ಲ. ಸಾಮಾನು ತಾನ ನಡಕೊಂಡು ಹೋಗೂದಿಲ್ಲ. ಮತ್ತ ಯಾರ ಮ್ಯಾಲೆ ಅನುಮಾನ ಬರಬೇಕು? ಕಣ್ಣ ಮುಂದ ಇದ್ದವರ ಮ್ಯಾಲೆ ಬರ್ತದ.”

ಹೊರಗೆ ಬಂದಾಗ ನಮ್ಮ ಮನೆಯವರು ನಿಂತೇ ಇದ್ದರು. ಕೈಯಲ್ಲಿ ನನ್ನ ಚಪ್ಪಲಿ ಇದ್ದವು. ಬಾಕಿನ ಕೆಳಗೆ ಬಿಟ್ಟು ಒಳಗೆ ಹೋಗಿದ್ದೆನಂತೆ. ನನ್ನನ್ನು ಬಿಟ್ಟು ಹೋಗಲು ಬಂದ ಮನುಷ್ಯ ನನ್ನ ಚಪ್ಪಲಿ ಹಿಡಿದುಕೊಂಡು ನಿಲ್ಲುವುದಿಲ್ಲ ಎಂದು ಅನ್ನಿಸಿದ್ದು ಆಗ. ಆದರೂ ಡಾಕ್ಟರರು ಅವರನ್ನು ಒಳಗೆ ಕರೆದು ಮಾತಾಡಿದಾಗ ಬಾಗಿಲಿಗೆ ಕಿವಿ ಇಟ್ಟೆ. ಸಂಶಯ ಒಂದು ದಿನಕ್ಕೆ ಹೋಗುವ ಜಡ್ಡಲ್ಲ.

ಮನೆಗೆ ಬಂದು ಶಾಂತಾಳ ಮುಂದೆ ಕೂತೆ. ತಪ್ಪಾಯಿತು ಎನ್ನುವ ಮಾತು ಸಣ್ಣದು, ಅವಳ ಮದುವೆ ಮುರಿದದ್ದು ದೊಡ್ಡದು. ಹಾಗೆಂದೇ ಹೇಳಿದೆ. ಅವಳು ಒಲೆಯ ಕಡೆ ನೋಡುತ್ತ ಹೇಳಿದಳು.

“ವೈನಿ, ನಾನೂ ಒಂದು ಮಾತು ಹೇಳಬೇಕು. ಕಡ್ಡಿಪೆಟ್ಟಿಗಿ ನಾನ ಎತ್ತಿಡತಿದ್ದೆ.”

ನಾನು ಅವಳ ಮುಖ ನೋಡಿದೆ.

“ನೀವು ಎರಡು ಸಲ ಸ್ಟೋ ಹಚ್ಚಿ ಹೊರಗ ಹೋಗಿದ್ರಿ. ಒಂದ ಸಲ ಒಲಿ ಪಕ್ಕ ಇದ್ದ ಅರಿವಿಗೆ ಬೆಂಕಿ ಹತ್ತಿತ್ತು. ನಾ ಆರಿಸಿದೆ. ಅಣ್ಣಗ ಹೇಳಿದೆ. ಅಣ್ಣ ಅಂದ, ಆಕಿ ಮನಸಿಗೆ ಹತ್ತತೈತಿ, ಹೇಳಬ್ಯಾಡ, ಸುಮ್ನ ಎತ್ತಿಡು ಅಂತ. ಮಧ್ಯಾಹ್ನ ನಾ ಅರಿವಿ ಒಗಿಲಿಕ್ಕೆ ಹೋಗೂ ಮುಂದ ಸೊಂಟಕ್ಕ ಸಿಗಿಸ್ಕೊಂಡು ಹೋಗತಿದ್ದೆ.”

ಹಿತ್ತಲಿನ ಪಿಸುಮಾತು ಅದು. ಅವಳು ಮುಖ ತಿರುಗಿಸುತ್ತಿದ್ದದ್ದು ಅದಕ್ಕೆ. ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂದು ನನಗೆ ಅನಿಸಿದ್ದು ಪೂರಾ ಸುಳ್ಳಾಗಿರಲಿಲ್ಲ. ನನಗೆ ಸಿಟ್ಟು ಬಂತು. ತಪ್ಪೊಪ್ಪಿಕೊಳ್ಳಲು ಕೂತವಳಿಗೆ ಸಿಟ್ಟು!

“ನನಗ ಹೇಳಿದ್ರ ಏನಾಗತಿತ್ತು?” ಎಂದು ಕೇಳಿದೆ. “ನೀವು ಮುಚ್ಚಿಟ್ಟದ್ದಕ್ಕ ನಾ ಎಲ್ಲಾನೂ ಮುಚ್ಚಿಟ್ಟೀರಿ ಅಂತ ತಿಳಕೊಂಡೆ.”

“ಹೌದ್ರಿ,” ಎಂದಳು. “ಅದು ನಮ್ಮ ತಪ್ಪು.”

ಅವತ್ತು ನಾವಿಬ್ಬರೂ ಒಂದು ಮಾತಿಗೆ ಬಂದೆವು. ಈ ಮನೆಯಲ್ಲಿ ನನಗೆ ಹೇಳದೆ ಯಾರೂ ಏನೂ ಎತ್ತಿಡಬಾರದು. ನನ್ನ ಕೈಯಿಂದ ಏನಾದರೂ ತಪ್ಪಿದರೆ ಅದನ್ನೂ ನನ್ನ ಮುಖದ ಮೇಲೆಯೇ ಹೇಳಬೇಕು. ನಾನು ಅತ್ತರೆ ಅಳುತ್ತೇನೆ.

ಅವತ್ತಿನಿಂದ ಮಾರಿಯಾಬಾಯಿ ಹೇಳಿದಂತೆ ಬಾಯಲ್ಲಿ ಇಟ್ಟುಕೊಳ್ಳಲು ಶುರು ಮಾಡಿದೆ. “ಉಪ್ಪು ಹಾಕಿದೆ, ಉಪ್ಪು ಹಾಕಿದೆ” ಎನ್ನುತ್ತ ಅಡುಗೆ. ಸ್ಟೋ ಉರಿಯುವಾಗ ಅದರ ಮುಂದೆ ಮಣೆ ಹಾಕಿ ಕೂರುವುದು, ದೇವರೇ ಬಾಗಿಲಿಗೆ ಬಂದರೂ ಏಳುವುದಿಲ್ಲ. ಒಲೆ ಮೇಲೆ ಒಂದು ಇದ್ದರೆ ಕೈಯಲ್ಲಿ ಇನ್ನೊಂದಿಲ್ಲ. ಮೊದಲು ಒಂದು ತಾಸಿಗೆ ಮುಗಿಯುತ್ತಿದ್ದ ಅಡುಗೆಗೆ ಮೂರು ತಾಸು ಬೇಕು. ಓಣಿಯ ಹೆಂಗಸರು, ಕಸ್ತೂರಿ ಒಬ್ಬಾಕಿನ ಮಾತಾಡ್ತಾಳ ಅನ್ನುತ್ತಿದ್ದರು. ಅನ್ನಲಿ. ರುಕ್ಮಾಬಾಯಿಗೆ ಮಾತ್ರ ನಾನೇ ಹೋಗಿ ಆ ಕಪ್ಪು ಉಂಡೆಯ ಕತೆ ಹೇಳಿದೆ. ಅವರು ಒಪ್ಪಲಿಲ್ಲ. ಆ ಸಿದ್ದಿಯವಳಿಗೆ ಏನು ಗೊತ್ತು ಅಂದರು. ನಾಲ್ಕು ತಿಂಗಳ ಹಿಂದೆ ನಾನೂ ಹಾಗೇ ಅನ್ನುತ್ತಿದ್ದೆನೇನೋ ಎಂದು ನೆನೆದು ನಾಚಿಕೆಯಾಯಿತು.

ಕೆಲವು ದಿನ ಚೆನ್ನಾಗಿರುತ್ತಿತ್ತು, ಕೆಲವು ದಿನ ಮತ್ತೆ ಸಾಮಾನು ಕಾಣದೆ ಹೋಗುತ್ತಿತ್ತು. ಕಾಣದೆ ಹೋದ ಕೂಡಲೆ ಎದೆಯಲ್ಲಿ ಮೊದಲು ಏಳುವ ಮಾತು ಈಗಲೂ ಅದೇ, ಯಾರೋ ಎತ್ತಿಟ್ಟಾರ. ಆ ಮಾತು ಬಾಯಿಗೆ ಬರದಂತೆ ಹಲ್ಲು ಕಚ್ಚಿ ಹಿಡಿದು ಮೊದಲು ಹಿತ್ತಲ ಕಲ್ಲು ನೋಡಿಕೊಂಡು ಬರುತ್ತೇನೆ.

ಶಾಂತಾ ಮೂರು ವರ್ಷ ನಮ್ಮಲ್ಲೇ ಇದ್ದು ಹೊಲಿಗೆ ಕಲಿತಳು. ಎಂಬತ್ತರ ದಶಕ ಶುರುವಾದ ಮೇಲೆ ಮುಂಡಗೋಡದ ಕಡೆಯ ಒಬ್ಬ ಮಾಸ್ತರರಿಗೆ ಕೊಟ್ಟು ಮದುವೆ ಮಾಡಿದೆವು. ಕೇಳಲು ಬಂದಾಗ ಹಳಿಯಾಳದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಮಾಸ್ತರರ ತಾಯಿ ಅಡುಗೆಮನೆಗೆ ಬಂದು ನನ್ನನ್ನೇ ಕೇಳಿದರು, ಖರೇ ಏನು ಎಂದು. ನಡೆದದ್ದನ್ನೆಲ್ಲ ಹೇಳಿದೆ. ನನ್ನ ಜಡ್ಡು, ಗಿರಣಿ, ಜಡೆ, ಒಂದನ್ನೂ ಮುಚ್ಚಿಡಲಿಲ್ಲ. ನಡುವೆ ಎರಡು ಸಲ ಎಲ್ಲಿದ್ದೆ ಎಂದು ತಪ್ಪಿದೆ, ಅವರೇ ನೆನಪು ಮಾಡಿಕೊಟ್ಟರು. ಎಲ್ಲ ಕೇಳಿ ಆ ಮುದುಕಿ, “ಮರವಿನಾಕಿ ಇಷ್ಟು ನೆನಪು ಮಾಡಿ ಹೇಳ್ಯಾಳಂದ್ರ ಖರೇನ ಇರಬೇಕು,” ಎಂದರು.

ಶಾಂತಾಳಿಗೆ ಗಂಡು ಕೂಸು ಹುಟ್ಟಿದ ಮೇಲೆ ನಾನು ಮುಂಡಗೋಡಕ್ಕೆ ಹೋಗಿದ್ದೆ. ಕೂಸಿಗೆ ಆಗ ಮೂರು ತಿಂಗಳು. ಹೋದ ಮರುದಿನ ಮಾಸ್ತರರು ಶಾಲೆಗೆ ಹೋದರು, ಅವರ ತಾಯಿ ಊರಲ್ಲಿರಲಿಲ್ಲ. ಶಾಂತಾ ಒಂದು ಜಂಪರು ಹೊಲಿದು ಮುಗಿಸಿ, ಅದನ್ನು ಕೊಟ್ಟುಬರಲು ಹೊರಟಳು. ಕೂಸನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಹಾಕಿದಳು.

“ಒಂದು ತಾಸು ನೋಡ್ಕೊರ್ರಿ ವೈನಿ. ಬಂದೆ.”

“ನಾನಾ? ಒಬ್ಬಾಕಿನಾ?”

“ಮತ್ಯಾರು ಅದಾರ ಇಲ್ಲಿ?” ಎಂದು ಚಪ್ಪಲಿ ಮೆಟ್ಟಿದಳು.

ನಾನು ಕಿಟಕಿಯಿಂದ ನೋಡಿದೆ. ಪಕ್ಕದ ಮನೆಗೆ ಹೋಗಿ, ನಮ್ಮ ವೈನಿ ಮ್ಯಾಲೆ ಒಂದು ಕಣ್ಣಿಡ್ರಿ ಎಂದು ಹೇಳಿ ಹೋಗುತ್ತಾಳೆ ಎಂದು ಖಾತ್ರಿ ಇತ್ತು. ಅವಳು ಪಕ್ಕದ ಮನೆ ದಾಟಿದಳು, ಅದರಾಚೆಯದನ್ನೂ ದಾಟಿದಳು, ಹೊಳ್ಳಿ ನೋಡದೆ ಮೂಲೆಯಲ್ಲಿ ತಿರುಗಿದಳು. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಾಗಿಲಿಗೆ ಬಂದಾಗ, ಬಂತು ನೋಡು ಕಾವಲು ಅಂದುಕೊಂಡೆ. ಅವಳು ಕೇಳಿದ್ದು ಜರಡಿ. ಎಲ್ಲಿದೆಯೋ ನನಗೆ ಗೊತ್ತಿಲ್ಲ, ನಾ ಏಳೂದಿಲ್ಲ, ಕೂಸು ಐತಿ ತೊಡಿ ಮ್ಯಾಲೆ ಎಂದೆ. ನನ್ನನ್ನು ವಿಚಿತ್ರವಾಗಿ ನೋಡಿ ಹೋದಳು.

ಒಂದು ತಾಸು ನಾನು ಕಾಲು ಕೂಡ ಬದಲಿಸಲಿಲ್ಲ. ಬಾಯಾರಿತ್ತು, ನೀರಿಗೆ ಏಳಲಿಲ್ಲ. ಕೂಸು ನನ್ನ ಹೆಬ್ಬೆರಳು ಹಿಡಿದು ಮಲಗಿತ್ತು.

ಶಾಂತಾ ಬಂದವಳು ಕೂಸಿನ ಕಡೆ ನೋಡಲೂ ಇಲ್ಲ. ಚೀಲ ಗೂಟಕ್ಕೆ ಹಾಕಿ, ಬಿಸಿಲು ಭಾಳ ಐತ್ರಿ ವೈನಿ ಎನ್ನುತ್ತ ಮೊದಲು ನೀರು ಕುಡಿದಳು, ಇನ್ನೊಂದು ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು. ನಾನು ಗಟಗಟ ಕುಡಿದೆ.